ಯಾವಾಗಲೂ ಅಕ್ಕನದೇ

ಹಗಲು ಕಣ್ಣಾರೆ ಕಂಡದ್ದರ ನೆನಪನ್ನೆಲ್ಲ ಮಲಗುವ ಮುನ್ನ ಟಿವಿಯ ಪೆಟ್ಟಿಗೆಗೆ ಇಳಿಸುವುದು ಎಲ್ಲರ ಮನೆಯ ರೂಢಿ. ನಿಂಗವ್ವ ಮತ್ತು ಅವಳ ಅಕ್ಕ ಕಸ್ತೂರಿ ಚಿಕ್ಕಂದಿನಿಂದಲೂ ಇಳಿಸಿದವರೇ. ಆದರೆ ಸಂಜೆ ಅವ್ವ ಟಿವಿ ಮುಂದೆ ಕುಳಿತರೆ ಬರುವುದು ಅಕ್ಕ ಇಳಿಸಿದ ನೆನಪು ಮಾತ್ರ. ಪರದೆಯ ಮೇಲೆ ಅಕ್ಕನ ಹೆಸರು ಕಂಡೊಡನೆ ನಿಂಗವ್ವ ಹೊಟ್ಟೆ ಉರಿದುಕೊಂಡು ಎದ್ದು ಅಡುಗೆಮನೆ ಸೇರುತ್ತಿದ್ದಳು.

ಪೆಟ್ಟಿಗೆಯೇ ಕೆಟ್ಟಿರಬೇಕೆಂದು ಇವತ್ತು ಅದನ್ನು ಬಿಚ್ಚಿದಳು. ಫ್ಯಾನಿನ ಧೂಳು ಒರೆಸಿದಳು, ವೈರು ಬಿಗಿ ಮಾಡಿದಳು, ಆಫ್ ಮಾಡಿ ಆನ್ ಮಾಡಿದಳು. ಮತ್ತೆ ಅಕ್ಕನದೇ ಬಂತು.

"ಅದೇನೂ ಕೆಟ್ಟಿಲ್ಲ. ನಾನ ಅಕಿದು ಹಚ್ಚತೇನಿ," ಎಂದಳು ಅವ್ವ.

"ನನ್ನವು ಏನು ಪಾಪ ಮಾಡ್ಯಾವು?"

"ಇವತ್ತರ ಎದ್ದು ಹೋಗಬ್ಯಾಡ. ಕೂತು ನೋಡು."

ಪರದೆಯ ಮೇಲೆ ಮುಂದಿನ ಹಲ್ಲು ಬಿದ್ದ ಪುಟ್ಟ ನಿಂಗವ್ವ, ಅವ್ವನ ಸೀರೆ ಸುತ್ತಿಕೊಂಡು ಕುಣಿಯುತ್ತಿದ್ದಳು.

"ನಿನ್ನ ನೆನಪಿನಾಗ ನೀನೆಲ್ಲಿ ಕಾಣ್ತಿ? ನಿನ್ನ ನೋಡಬೇಕಂದ್ರ ಅಕಿ ಕಣ್ಣಿಂದನ ನೋಡಬೇಕು."

ನಿಂಗವ್ವ ಸ್ಕ್ರೂಡ್ರೈವರ್ ಕೆಳಗಿಟ್ಟು ಅವ್ವನ ಪಕ್ಕ ಕುಳಿತಳು. ಅವ್ವ ಅವಳತ್ತ ತಿರುಗಲಿಲ್ಲ, ಪರದೆಯನ್ನೇ ನೋಡಿ ನಗುತ್ತಿದ್ದಳು. ಈಗ ನಿಂಗವ್ವನಿಗೆ ಆ ಹಲ್ಲಿಲ್ಲದ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಯಿತು.