ತಂಗಿಯ ಪಾಲಿನ ಶೇಂಗಾ

ಶೇಂಗಾ ಸುಲಿಯುತ್ತಾ ಒಂದು ಕಾಳು ಬಾಯಿಗೆ ಹಾಕಿಕೊಂಡು ಎಡತೋಳು ನೋಡಿದೆ. ದವಾಖಾನೆಯವರು ಅಲ್ಲಿ ಚರ್ಮದಡಿ ಇಟ್ಟ ತಂಗಿ ದುರುಗಮ್ಮನ ರಕ್ತದ ಕಾವಲು ಕಣಗಳನ್ನು ಸಾಕಿಕೊಂಡಿದ್ದೇನೆ. ಶೇಂಗಾ ವೈರಿಯಲ್ಲವೆಂದು ಅವು ಕಲಿಯಬೇಕು. ಕಲಿಯದಿದ್ದರೆ ತೋಳು ಕೆಂಪಾಗುತ್ತದೆ. ಪಕ್ಕದ ಮನೆ ಕೆಂಚಮ್ಮ ತನ್ನ ಅಣ್ಣನ ದಮ್ಮಿಗೆ ಹೀಗೇ ಸಾಕುತ್ತಿದ್ದಾಳೆ.

ನಮ್ಮದು ಎಣ್ಣೆ ಗಾಣದ ಮನೆ. ಶೇಂಗಾ ಧೂಳಿಗೆ ಉಸಿರುಗಟ್ಟುತ್ತಿದ್ದ ದುರುಗಮ್ಮನನ್ನು ಚಿಕ್ಕವಳಿದ್ದಾಗಲೇ ಸೋದರತ್ತೆಯ ಮನೆಗೆ ಕಳಿಸಿದ್ದರು. ಮತ್ತೆ ಅವಳು ನಮ್ಮ ಹೊಸ್ತಿಲು ತುಳಿದಿಲ್ಲ.

ತೋಳು ಇವತ್ತೂ ಕೆಂಪಾಗಲಿಲ್ಲ.

“ನಿನ್ನ ತಂಗಿಗಿಂತ ಅವಳ ಕಣಗಳೇ ಹೇಳಿದ ಮಾತು ಕೇಳ್ತವೆ ಬಿಡಕ್ಕ,” ಎಂದು ಜೊತೆಗೆ ಸುಲಿಯುತ್ತಾ ಕೂತಿದ್ದ ಕೆಂಚಮ್ಮ ನಕ್ಕಳು.

“ನಾಳೆ ದವಾಖಾನೇಲಿ ಇವನ್ನ ತೆಗೆದು ಅವಳಿಗೆ ಹಾಕ್ತಾರೆ ಕಣೆ.”

ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ವರ್ಷವೇ ಬರೆದಿಟ್ಟಿದ್ದೆ: ‘ದುರುಗೀ, ಮನೆಗೆ ಬಾ.’ ಬಂದರೆ ಜೀವಂತ ಉಳಿಯುತ್ತಾಳೋ ಇಲ್ಲವೋ ಎಂಬ ಭಯಕ್ಕೆ ಕಳಿಸಿರಲಿಲ್ಲ. ಮಡಿಲಿನ ಸಿಪ್ಪೆ ಕೊಡವಿ ಎದ್ದೆ. ಆ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ ಬಂದೆ.