ಆಫೀಸರು ನೋಡಿದ ಕೆಲಸ

ಸ್ಟಾಪ್‌ವಾಚ್ ಹಿಡಿದ ಆಫೀಸರು ಎದುರಿಗೆ ಬಂದು ನಿಂತಾಗ ಸರ್ವಮಂಗಳಮ್ಮ ಮೇಜು ಮುಟ್ಟಿ ಕಣ್ಣಿಗೊತ್ತಿಕೊಂಡು, ಸೋಪಿಗೆ ಕಾಗದ ಸುತ್ತತೊಡಗಿದಳು. ಹಿರೇಹಳ್ಳಿಯ ಆ ಕಾರ್ಖಾನೆಯಲ್ಲಿ ಆರು ವರ್ಷದಿಂದ ಅವಳ ಕೆಲಸವನ್ನು ಯಾರೂ ಹೀಗೆ ನಿಂತು ನೋಡಿರಲಿಲ್ಲ. ಶಿವನೇ ನೋಡುತ್ತಿದ್ದಾನೆಂಬಂತೆ ಬೆರಳುಗಳು ಓಡಿದವು.

"ನಿಧಾನ ಕಣೇ ಮಂಗಳಾ, ಮದ್ವೆ ಫೋಟೊ ತೆಗೀತಾವ್ರೆ ಅನ್ಕಂಡ್ಯಾ?" ಎಂದು ಪಕ್ಕದ ಹನುಮಂತಮ್ಮ ನಕ್ಕಳು. ಈ ಕೆಲಸ ಕಲಿಸಿದವಳು ಅವಳೇ. ಈಗ ವಾತದಿಂದ ಅವಳ ಬೆರಳು ಸರಿಯಾಗಿ ಬಾಗುತ್ತಿರಲಿಲ್ಲ.

ಆಫೀಸರು ವಾಚು ನಿಲ್ಲಿಸಿದರು. "ಭೇಷ್! ಗಂಟೆಗೆ ಮುನ್ನೂರು ಆಗುತ್ತೆ," ಎಂದು ಬರೆದುಕೊಂಡರು. "ನಾಳೆಯಿಂದ ಎಲ್ರೂ ಇಷ್ಟು ಸುತ್ತಬೇಕು. ಆಗದವರು ಬರೋದು ಬೇಡ."

ಸರ್ವಮಂಗಳಮ್ಮ ಪಕ್ಕಕ್ಕೆ ತಿರುಗಿದಳು. "ಅಕ್ಕಾ, ನಂಗೊತ್ತಿರ್ಲಿಲ್ಲ ಕಣಕ್ಕಾ..."

ಹನುಮಂತಮ್ಮ ಆಗಲೇ ಅವಸರವಸರವಾಗಿ ಸುತ್ತತೊಡಗಿದ್ದಳು. ಕಾಗದ ಹರಿಯಿತು.