ಸಕ್ಕರೆ ಡಬ್ಬಿಯ ಬಿಳಿ ಪುಡಿ

ಎರಡನೇ ಲೋಟ ಸಕ್ಕರೆ ನೀರು ಕುಡಿದ ಮೇಲೂ ಹರಿಶ್ಚಂದ್ರನ ನಡುಕ ನಿಲ್ಲಲಿಲ್ಲ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡವನು ತಿಂಡಿ ತಿನ್ನದೆ ಬೇಲೆಕೇರಿ ಬಂದರಿಗೆ ಮೀನು ತರಲು ಹೋಗಿದ್ದ. ಈಗ ಶುಗರ್ ಇಳಿದು ಅಡುಗೆಮನೆಯ ಗೋಡೆಗೆ ಒರಗಿ ಕುಸಿದಿದ್ದ, ಬನಿಯನ್ ಬೆವರಿಗೆ ತೊಯ್ದು ಮೈಗೆ ಅಂಟಿತ್ತು. ಹೆಂಡತಿ ಯಶೋದಾ ಮೂರನೇ ಲೋಟಕ್ಕೆ ಚಮಚ ಹಾಕುವಷ್ಟರಲ್ಲಿ, ಸ್ನಾನ ಮುಗಿಸಿ ಬಂದ ಮಗಳು ಪ್ರೇಕ್ಷಾ ಡಬ್ಬಿ ನೋಡಿ ಚೀರಿದಳು.

“ಆಯಿ, ಅದು ಸಕ್ಕರೆ ಅಲ್ಲ! ಅಪ್ಪಂಗೆ ಅಂತ ನಾನೇ ತರಿಸಿ ಸಕ್ಕರೆ ಡಬ್ಬಿಗೆ ತುಂಬಿಟ್ಟ ಫೈಬರ್ ಪುಡಿ. ಸಕ್ಕರೆ ಹಂಗೇ ಕರಗ್ತದೆ, ಬಾಯಿಗೆ ಸಿಹಿ ಅಷ್ಟೇ. ಶುಗರ್ ಏರೂದೇ ಇಲ್ಲ!”

“ಮತ್ತೆ ಸಕ್ಕರೆ ಎಲ್ಲದೆ?”

“ಮನೇಲಿ ಇಲ್ಲ. ಬೆಲ್ಲನೂ ಇಲ್ಲ. ಎಲ್ಲಾ ನಾನೇ ಹೊರಗೆ ಹಾಕ್ದೆ.”

ಪ್ರೇಕ್ಷಾ ಒದ್ದೆ ಕೂದಲಲ್ಲೇ ಪಕ್ಕದ ಮನೆಗೆ ಓಡಿದಳು. ಅಲ್ಲಿ ಬೀಗ ಹಾಕಿತ್ತು. ಅವಳು ಅದರಾಚೆಯ ಮನೆಯತ್ತ ಓಡುವ ಸದ್ದು ಕೇಳಿಸಿತು. ಹರಿಶ್ಚಂದ್ರನ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಳ್ಳುತ್ತಿದ್ದವು. ಯಶೋದಾ ಅವನ ಕೆನ್ನೆ ತಟ್ಟಿದಳು. ಆಗ ಅವನ ಬೆರಳು ಮೆಲ್ಲಗೆ ಎದ್ದು ಉಪ್ಪಿನ ಭರಣಿಯತ್ತ ತೋರಿಸಿತು.

ಭರಣಿಯ ಹಿಂದೆ ಹಳೆಯ ಉಪ್ಪಿನಕಾಯಿ ಬಾಟಲಿ, ಅದರಲ್ಲಿ ಪಾಕದಂಥ ಜೋನಿ ಬೆಲ್ಲ! ಮೂರು ತಿಂಗಳಿಂದ ಸಿಹಿ ಮುಟ್ಟಿಲ್ಲವೆಂದು ಅವಳ ತಲೆ ಮುಟ್ಟಿ ಆಣೆ ಮಾಡಿದ್ದ ಮನುಷ್ಯ. ಬಾಟಲಿ ಬಗ್ಗಿಸಿದರೆ ಬೆಲ್ಲ ಬೀಳಲಿಲ್ಲ, ತಳಕ್ಕೆ ಒಂದಿಷ್ಟು ಅಂಟಿಕೊಂಡಿತ್ತು.

“ಇಷ್ಟೇ ಉಳ್ಸಿದ್ರೇನ್ರೀ?” ಎಂದು ಅಳುತ್ತ, ಅವಳು ತಳ ಕೆರೆದು ಅವನ ನಾಲಿಗೆಗೆ ಸವರತೊಡಗಿದಳು.